ಸೀಟು ಸಿಕ್ಕಿತು, ಫೀಸಿಗೆ ದುಡ್ಡು ಎಲ್ಲಿಂದ? ಸ್ಕಾಲರ್‌ಶಿಪ್, ಎಫ್‌ಡಿ, ಶಿಕ್ಷಣ ಸಾಲ, ಚಿನ್ನದ ಸಾಲ: ಯಾವುದು ಯಾರಿಗೆ?

ಸಿಇಟಿಯಲ್ಲಿ ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ ಒತ್ತಿ ಫೀಸು ಕಟ್ಟಲು ಸಿಗುವುದು ಕೆಲವೇ ದಿನ. ಆ ಗಡಿಬಿಡಿಯಲ್ಲೇ ಮನೆಯಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಎಫ್‌ಡಿ ಮುರಿಸೋಣವೇ? ಅಮ್ಮನ ಸರ ಅಡ ಇಡೋಣವೇ? ಬ್ಯಾಂಕ್ ಸಾಲಕ್ಕೆ ಹಾಕೋಣವೇ? ಸ್ಕಾಲರ್‌ಶಿಪ್ ಬರುವ ತನಕ ಯಾರ ಹತ್ತಿರವಾದರೂ ಕೈಗಡ ತರೋಣವೇ? ಹೆಚ್ಚಿನವರು ಇಲ್ಲಿ ಬಡ್ಡಿ ದರ ಒಂದನ್ನೇ ಹಿಡಿದು ಹೋಲಿಸುತ್ತಾರೆ. ದರ ನೋಡಬೇಕು ನಿಜ, ಆದರೆ ಅದಕ್ಕೂ ಮೊದಲು ನೋಡಬೇಕಾದ ದಿನಾಂಕಗಳು ಎರಡಿವೆ: ದುಡ್ಡು ಕೈಗೆ ಬರುವ ದಿನ, ತೀರಿಸಲು ಶುರು ಮಾಡಬೇಕಾದ ದಿನ.

ಹೀಗಾಗಿ ಪ್ರತಿ ದಾರಿಯನ್ನೂ ನಾಲ್ಕು ಪ್ರಶ್ನೆ ಕೇಳಿ ತೂಗಬೇಕು. ಫೀಸಿನ ಕೊನೆ ದಿನದೊಳಗೆ ಹಣ ಬರುತ್ತದೆಯೇ? ಮರುಪಾವತಿ ಓದುವಾಗಲೇ ಶುರುವೋ, ಕೆಲಸ ಸಿಕ್ಕ ಮೇಲೋ? ಎಲ್ಲ ಮುಗಿಯುವಾಗ ಒಟ್ಟು ಎಷ್ಟು ಕಟ್ಟಿರುತ್ತೇವೆ? ಕಟ್ಟಲಾಗದಿದ್ದರೆ ಕಳೆದುಕೊಳ್ಳುವುದು ಏನನ್ನು: ಒಡವೆಯನ್ನೋ, ಮನೆ ಪತ್ರವನ್ನೋ, ಅಪ್ಪನ ಸಿಬಿಲ್ ಸ್ಕೋರನ್ನೋ (ಸಾಲ ಸರಿಯಾಗಿ ತೀರಿಸಿದ್ದಕ್ಕೆ ಸಿಗುವ ಅಂಕ)?

ಸ್ಕಾಲರ್‌ಶಿಪ್ ಮತ್ತು ಫೀಸು ವಿನಾಯಿತಿ

ತೀರಿಸಬೇಕಿಲ್ಲದ ಹಣ ಇದೊಂದೇ, ಹಾಗಾಗಿ ಮೊದಲ ಅರ್ಜಿ ಇದಕ್ಕೇ ಹೋಗಬೇಕು. ಆದರೆ ಮೊದಲ ಪ್ರಶ್ನೆಯಲ್ಲೇ ಇದು ಸೋಲುತ್ತದೆ. ಫೀಸು ಕಟ್ಟುವುದು ಸೇರುವಾಗ, ಸ್ಕಾಲರ್‌ಶಿಪ್ ಖಾತೆಗೆ ಬೀಳುವುದು ಎಷ್ಟೋ ತಿಂಗಳ ನಂತರ. ಅದನ್ನೇ ನಂಬಿ ಬೇರೆ ವ್ಯವಸ್ಥೆ ಮಾಡಿಕೊಳ್ಳದೆ ಕೂತವರು ಕೊನೆಯ ದಿನ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುತ್ತಾರೆ.

ಮೊತ್ತಗಳ ಅಂದಾಜು ಹೀಗಿದೆ. ಪಿಯುಸಿ ಫಲಿತಾಂಶದಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದವರಿಗೆ, ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ, ಕೇಂದ್ರದ ಸ್ಕಾಲರ್‌ಶಿಪ್ ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂ., ವೃತ್ತಿಪರ ಕೋರ್ಸಿನ ನಾಲ್ಕನೇ ವರ್ಷದಿಂದ 20,000 ರೂ. ಕೊಡುತ್ತದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ತಾಂತ್ರಿಕ ಕೋರ್ಸು ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂ.; ಆದಾಯದ ಮಿತಿ 8 ಲಕ್ಷ, ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಹಾಕಬಹುದು. ರೈತರ ಮಕ್ಕಳಿಗಾಗಿ 2021ರಲ್ಲಿ ರಾಜ್ಯ ತಂದ ರೈತ ವಿದ್ಯಾನಿಧಿಯಲ್ಲಿ ಬಿಇ, ಎಂಬಿಬಿಎಸ್ ಓದುವ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂ. ಗೊತ್ತುಪಡಿಸಲಾಗಿದೆ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಊಟ-ವಸತಿಗೆಂದು ಸಿಗುತ್ತದೆ, ಆದರೆ ಸರ್ಕಾರಿ ಹಾಸ್ಟೆಲ್ ಸೇರಿದವರಿಗಲ್ಲ. ಎಂಜಿನಿಯರಿಂಗ್ ಕಡೆ ಹೊರಟವರು ಎಸ್‌ಎನ್‌ಕ್ಯೂ ಸೀಟನ್ನು ಮರೆಯಬಾರದು. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿ ಶೇ. 5ರಷ್ಟು ಸೀಟುಗಳಿಗೆ ಬೋಧನಾ ಶುಲ್ಕವೇ ಇಲ್ಲ. ಇದು ಸೇರುವ ದಿನವೇ ಕೈ ಹಿಡಿಯುವ ಸಹಾಯ, ಆ ಮಟ್ಟಿಗೆ ಎಲ್ಲ ಸ್ಕಾಲರ್‌ಶಿಪ್‌ಗಿಂತ ಮೇಲು.

ಅರ್ಜಿ ಕೆಡುವುದು ಬಹುಪಾಲು ಎರಡೇ ಕಡೆ. ಒಂದು, ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಬುಕ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ರಾಜ್ಯದ ಸ್ಕಾಲರ್‌ಶಿಪ್ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್ ಒಪ್ಪುವುದಿಲ್ಲ. ಅಂಕಪಟ್ಟಿಯನ್ನು ಮೂಲವೆಂದು ಇಟ್ಟುಕೊಂಡು ಆಧಾರನ್ನು ಅದಕ್ಕೆ ಹೊಂದಿಸಿ, ಆಮೇಲೆ ಪಾಸ್‌ಬುಕ್. ಎರಡು, ಖಾತೆ. ಸರ್ಕಾರದ ಹಣ ಹೋಗುವುದು ಖಾತೆ ಸಂಖ್ಯೆ ನೋಡಿಕೊಂಡಲ್ಲ, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐನಲ್ಲಿ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ ಆ ಬ್ಯಾಂಕಿಗೆ. ಕಾಲೇಜು ಸೇರಿ ಕ್ಯಾಂಪಸ್ ಶಾಖೆಯಲ್ಲಿ ಹೊಸ ಖಾತೆ ತೆರೆಯುವಾಗ ಫಾರಂನಲ್ಲಿ ಆಧಾರ್ ಸೀಡಿಂಗ್‌ಗೆ ಟಿಕ್ ಹಾಕಿದರೆ ಮ್ಯಾಪಿಂಗ್ ಅಲ್ಲಿಗೆ ಜಾರುತ್ತದೆ, ಊರಿನ ಖಾತೆ ನೋಡುತ್ತಾ ಕೂತವರಿಗೆ ಹಣ ಬಂದೇ ಇಲ್ಲ ಎನಿಸುತ್ತದೆ. ‘ಆಧಾರ್ ಲಿಂಕ್ ಆಗಿದೆಯಾ’ ಎಂದು ಕೇಳಿದರೆ ಕೌಂಟರಿನಲ್ಲಿ ಆಗಿದೆ ಎಂದೇ ಹೇಳುತ್ತಾರೆ. ‘ಎನ್‌ಪಿಸಿಐ ಮ್ಯಾಪಿಂಗ್ ಆ್ಯಕ್ಟಿವ್ ಇದೆಯಾ, ಯಾವ ಬ್ಯಾಂಕಿಗೆ’ ಎಂದು ಕೇಳಿ.

ಸ್ವಂತ ಉಳಿತಾಯ

ಎಫ್‌ಡಿ ಇದ್ದರೆ ದಾರಿ ಎರಡು: ಮುರಿಸುವುದು, ಇಲ್ಲವೇ ಅದರ ಮೇಲೆ ಸಾಲ ತೆಗೆಯುವುದು. ಮುರಿಸಿದರೆ ಸಾಮಾನ್ಯವಾಗಿ ಅರ್ಧದಿಂದ ಒಂದು ಶೇಕಡಾ ಬಡ್ಡಿ ಕಡಿತ. ಎಫ್‌ಡಿ ಮೇಲಿನ ಸಾಲ ಠೇವಣಿಯ ಸುಮಾರು ಶೇ. 90ರವರೆಗೆ ಸಿಗುತ್ತದೆ, ದರ ಎಫ್‌ಡಿ ದರಕ್ಕಿಂತ ಒಂದೆರಡು ಶೇಕಡಾ ಹೆಚ್ಚು, ಹಣ ಅದೇ ದಿನ ಕೈಗೆ. ಸ್ಕಾಲರ್‌ಶಿಪ್‌ಗೋ ಬ್ಯಾಂಕ್ ಸಾಲದ ಮಂಜೂರಾತಿಗೋ ಮೂರು ತಿಂಗಳು ಕಾಯಬೇಕಿದ್ದರೆ ಇದಕ್ಕಿಂತ ಅಗ್ಗದ ಸೇತುವೆ ಇಲ್ಲ. 50,000 ರೂ.ಗೆ ಶೇ. 8ರಂತೆ ಮೂರು ತಿಂಗಳಿಗೆ 1,000 ರೂ. ಬಡ್ಡಿ. ಅದೇ ಹಣವನ್ನು ‘ನೂರಕ್ಕೆ ಎರಡು’ ಎಂದು ಕೈಸಾಲ ತಂದರೆ 3,000. ನೂರಕ್ಕೆ ಎರಡು ಎಂದರೆ ಕೇಳಲು ಸಣ್ಣದು, ವರ್ಷದ ಲೆಕ್ಕದಲ್ಲಿ ಅದು ಶೇ. 24. ಆದರೆ ಎರಡು-ಮೂರು ವರ್ಷ ತೀರಿಸಲು ಆಗುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ಎಫ್‌ಡಿಯನ್ನು ಸುಮ್ಮನೆ ಮುರಿಸಿಬಿಡಿ. ಒಂದು ಕೈಯಲ್ಲಿ ಶೇ. 7 ಗಳಿಸಿ ಅದಕ್ಕೆ ತೆರಿಗೆಯನ್ನೂ ಕಟ್ಟಿ, ಇನ್ನೊಂದು ಕೈಯಲ್ಲಿ ಶೇ. 8 ಕೊಡುವುದರಲ್ಲಿ ಅರ್ಥವಿಲ್ಲ.

ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಇದ್ದರೆ, ಅವಳಿಗೆ 18 ತುಂಬಿದ್ದರೆ ಅಥವಾ ಹತ್ತನೇ ತರಗತಿ ಪಾಸಾಗಿದ್ದರೆ, ಹಿಂದಿನ ಹಣಕಾಸು ವರ್ಷದ ಕೊನೆಯ ಶಿಲ್ಕಿನ ಅರ್ಧದವರೆಗೆ ಓದಿಗೆ ತೆಗೆಯಬಹುದು. ಅಡ್ಮಿಷನ್ ಪತ್ರ ಅಥವಾ ಫೀಸಿನ ರಸೀದಿ ಬೇಕು, ಅದರಲ್ಲಿರುವ ಮೊತ್ತಕ್ಕಿಂತ ಹೆಚ್ಚು ಕೊಡುವುದಿಲ್ಲ. ಒಟ್ಟಿಗೂ ತೆಗೆಯಬಹುದು, ವರ್ಷಕ್ಕೊಂದರಂತೆ ಐದು ಕಂತಿನವರೆಗೂ ತೆಗೆಯಬಹುದು. ಕಂತೇ ವಾಸಿ, ಉಳಿದದ್ದು ಬಡ್ಡಿ ಗಳಿಸುತ್ತಿರುತ್ತದೆ. ಪಿಪಿಎಫ್‌ನಲ್ಲಿ ಏಳನೇ ವರ್ಷದಿಂದ ಭಾಗಶಃ ಹಿಂಪಡೆಯಬಹುದು.

ಶಿಕ್ಷಣ ಸಾಲ

ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಇದರಷ್ಟು ಒಳ್ಳೆಯ ಉತ್ತರ ಬೇರೆ ಯಾವುದರಲ್ಲೂ ಇಲ್ಲ: ಕೋರ್ಸು ಮುಗಿದು ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಬ್ಯಾಂಕುಗಳ ಒಕ್ಕೂಟವಾದ ಐಬಿಎಯ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ, ಅಡಮಾನವೂ ಇಲ್ಲ. ಅದಕ್ಕಿಂತ ಮೇಲಿನ ಸಾಲಕ್ಕೆ ದೇಶದೊಳಗಿನ ಓದಾದರೆ ಶೇ. 5ರಷ್ಟು ಪಾಲು ನಿಮ್ಮದು, ಸ್ಕಾಲರ್‌ಶಿಪ್ ಹಣವನ್ನೂ ಈ ಪಾಲಿಗೆ ಲೆಕ್ಕ ಹಾಕಿಸಬಹುದು. 7.5 ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿಯ ರಕ್ಷಣೆ ಇರುವುದರಿಂದ ಬ್ಯಾಂಕು ಸೈಟು, ಮನೆ ಪತ್ರ ಕೇಳಬಾರದು. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕುತ್ತಾರೆ. ಅದರ ಮೇಲಿನ ಮೊತ್ತಕ್ಕೆ ಆಸ್ತಿ ಒತ್ತೆ ಕೇಳುವುದು ವಾಡಿಕೆ. ಮರುಪಾವತಿಗೆ 15 ವರ್ಷದವರೆಗೆ ಅವಕಾಶ.

ಲೆಕ್ಕ ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷಕ್ಕೆ 4 ಲಕ್ಷ, ದರ ಶೇ. 10. ಓದುವ ಅವಧಿಯಲ್ಲಿ ಸರಳ ಬಡ್ಡಿ. ಕಂತು ಶುರುವಾಗುವುದು ಐದು ವರ್ಷ ತುಂಬಿದ ಮೇಲೆ. ಮೊದಲ ವರ್ಷದ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1.4 ಲಕ್ಷ. ಅದು ಅಸಲಿಗೆ ಸೇರಿ ಸಾಲ 5.4 ಲಕ್ಷವಾಗುತ್ತದೆ. ಹತ್ತು ವರ್ಷಕ್ಕೆ ಕಂತು ಸುಮಾರು 7,136 ರೂ., ಒಟ್ಟು ಕಟ್ಟುವುದು 8.56 ಲಕ್ಷ. ಹದಿನೈದು ವರ್ಷಕ್ಕೆ ಎಳೆದರೆ ಕಂತು 5,803ಕ್ಕೆ ಇಳಿಯುತ್ತದೆ, ಒಟ್ಟು ಮಾತ್ರ 10.4 ಲಕ್ಷ ದಾಟುತ್ತದೆ.

ಈಗ ಅದೇ ಸಾಲಕ್ಕೆ ಓದುವಾಗಲೇ ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ? ಮೊದಲ ವರ್ಷ ತಿಂಗಳಿಗೆ 833 ರೂ., ಎರಡನೇ ವರ್ಷ 1,667, ಮೂರನೇ ವರ್ಷ 2,500, ಕೊನೆಯ ಎರಡು ವರ್ಷ 3,333. ಕಂತು ಶುರುವಾಗುವಾಗ ಸಾಲ 4 ಲಕ್ಷದಲ್ಲೇ ನಿಂತಿರುತ್ತದೆ, ಹತ್ತು ವರ್ಷದ ಕಂತು 5,286. ಮುಂಚೆ ಕಟ್ಟಿದ 1.4 ಲಕ್ಷ ಸೇರಿಸಿದರೂ ಒಟ್ಟು 7.74 ಲಕ್ಷ, ಸುಮಾರು 82,000 ಉಳಿಯಿತು. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲೇ ಒಂದು ಶೇಕಡಾ ರಿಯಾಯಿತಿ ಕೊಡುತ್ತವೆ. ಮೊದಲ ವರ್ಷದ 833 ರೂಪಾಯಿ ಸಂಬಳದಾರರ ಮನೆಗೆ ಭಾರವಲ್ಲ. ಅಷ್ಟಾದರೂ ಶುರು ಮಾಡಿ.

ಆದರೆ ಈ ಸಲಹೆ ತಲೆಕೆಳಗಾಗುವ ಒಂದು ಸಂದರ್ಭವಿದೆ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ಗುಣಮಟ್ಟ ಅಳೆಯುವ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆಯಿರುವ ಕಡೆ ತಾಂತ್ರಿಕ, ವೃತ್ತಿಪರ ಕೋರ್ಸು ಓದುತ್ತಿದ್ದರೆ, ಕೋರ್ಸು ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಪೂರ್ತಿ ಕೇಂದ್ರ ಸರ್ಕಾರವೇ ಭರಿಸುತ್ತದೆ. ಅಂದರೆ ಆ 1.4 ಲಕ್ಷ ನಿಮ್ಮದಲ್ಲವೇ ಅಲ್ಲ. ಇಂಥವರು ಎಫ್‌ಡಿ ಮುರಿಸಿ ಫೀಸು ಕಟ್ಟಿದರೆ ನಷ್ಟ. ಸಾಲ ತೆಗೆದು ಎಫ್‌ಡಿಯನ್ನು ಐದು ವರ್ಷ ಹಾಗೇ ಬೆಳೆಯಲು ಬಿಟ್ಟು, ಕಂತು ಶುರುವಾಗುವ ತಿಂಗಳು ಅದರಿಂದ ಸಾಲ ತಗ್ಗಿಸುವುದೇ ಜಾಣತನ. ಈ ಸಹಾಯ ತಾನಾಗಿ ಬರುವುದಿಲ್ಲ. ಆದಾಯ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಬೇಕು, ಶಾಖೆಯವರು ಕ್ಲೇಮ್ ಹಾಕಬೇಕು. ವರ್ಷಕ್ಕೊಮ್ಮೆ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ಸಹಾಯಧನ ಜಮೆಯಾಗಿದೆಯೇ ನೋಡಿ. ಮಧ್ಯದಲ್ಲಿ ಕೋರ್ಸು ಬಿಟ್ಟರೆ ಇದು ನಿಲ್ಲುತ್ತದೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಇನ್ನೊಂದು ಮೆಟ್ಟಿಲು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ ನೋಡಿ ಆರಿಸಿದ ಸಂಸ್ಥೆಗಳಲ್ಲಿ ಮೆರಿಟ್ ಸೀಟು ಪಡೆದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದ ಸಾಲ. ಮೊದಲು 860 ಸಂಸ್ಥೆಗಳಿದ್ದವು, ಪಟ್ಟಿ ವರ್ಷ ವರ್ಷ ಪರಿಷ್ಕರಣೆಯಾಗುತ್ತದೆ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ತನಕ, ಬಡ್ಡಿಯಲ್ಲಿ ಶೇ. 3ರ ಸಹಾಯ, ಇದು ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಇಲ್ಲಿ ಒಂದು ಗಂಟಿದೆ: ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಅಥವಾ ಬಡ್ಡಿ ಸಹಾಯ ಪಡೆಯುವವರಿಗೆ ಈ ಶೇ. 3 ಸಿಗದು. ಯಾವುದನ್ನು ಬಿಡಬೇಕು ಎಂಬುದನ್ನು ಸಾಲದ ಗಾತ್ರ ಹೇಳುತ್ತದೆ. ಮೇಲಿನ 4 ಲಕ್ಷದ ಸಾಲಕ್ಕೆ ಶೇ. 3 ಎಂದರೆ ಐದು ವರ್ಷಕ್ಕೆ 42,000 ರೂ. ರೈತ ವಿದ್ಯಾನಿಧಿ ನಾಲ್ಕು ವರ್ಷ ಬಂದರೂ 40,000, ಹೆಚ್ಚು ಕಡಿಮೆ ಸಮ. ವರ್ಷಕ್ಕೆ ಎರಡೂವರೆ ಲಕ್ಷದಂತೆ 10 ಲಕ್ಷ ತೆಗೆದವರಿಗೆ ಅದೇ ಶೇ. 3 ಎಂದರೆ 1.05 ಲಕ್ಷ, ಆಗ ಸಣ್ಣ ಸ್ಕಾಲರ್‌ಶಿಪ್ ಬಿಡುವುದೇ ಲಾಭ. ಪ್ರಗತಿ ಸಿಕ್ಕಿದ್ದರೆ ಮಾತ್ರ ಅದರದು ನಾಲ್ಕು ವರ್ಷಕ್ಕೆ 2 ಲಕ್ಷ, ಯಾವ ಲೆಕ್ಕದಲ್ಲೂ ಅದೇ ಗೆಲ್ಲುತ್ತದೆ.

ಬ್ಯಾಂಕ್ ಸಾಲ ಎಡವುವುದು ಸಮಯದಲ್ಲಿ. ಅರ್ಜಿ, ದಾಖಲೆ, ಮಂಜೂರಾತಿ ಎಲ್ಲ ಮುಗಿಯಲು ಹದಿನೈದು ದಿನದಿಂದ ಒಂದು ತಿಂಗಳು ಇಟ್ಟುಕೊಳ್ಳಿ. ಮೊದಲ ಫೀಸನ್ನು ನೀವೇ ಕಟ್ಟಬೇಕಾಗಿ ಬಂದರೆ, ರಸೀದಿ ತೋರಿಸಿದ ಮೇಲೆ ಆ ಹಣವನ್ನು ಸಾಲದಿಂದ ವಾಪಸು ಕೊಡುತ್ತಾರೆಯೇ ಎಂದು ಶಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ, ಆ ರಸೀದಿ ಕಳೆಯಬೇಡಿ. ಕಾಲೇಜಿನಿಂದ ಲೆಟರ್‌ಹೆಡ್‌ನಲ್ಲಿ ನಾಲ್ಕೂ ವರ್ಷದ ಫೀಸಿನ ವಿವರ ಒಂದೇ ಸಲ ಬರೆಸಿಕೊಳ್ಳಿ. ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಮೊದಲ ಅರ್ಜಿಯಲ್ಲೇ ಇರಲಿ. ಮಂಜೂರಾದ ಮೇಲೆ ಮೊತ್ತ ಹೆಚ್ಚಿಸುವುದು ಹೊಸ ಸಾಲ ತೆಗೆದಷ್ಟೇ ಕಷ್ಟ. ಅರ್ಜಿ ತಿರಸ್ಕಾರವಾಗುವುದಕ್ಕೆ ದೊಡ್ಡ ಕಾರಣ ವಿದ್ಯಾರ್ಥಿಯ ಅಂಕವಲ್ಲ, ಅಪ್ಪನ ಹಳೆಯ ಬೆಳೆ ಸಾಲವೋ ಬೈಕ್ ಸಾಲವೋ ಕಂತು ತಪ್ಪಿರುವುದು. ಸಿಬಿಲ್ ವರದಿಯನ್ನು ಏಪ್ರಿಲ್-ಮೇನಲ್ಲೇ ತೆಗೆದು ನೋಡಿದರೆ ಸರಿಪಡಿಸಲು ಸಮಯವಿರುತ್ತದೆ, ಇಲ್ಲವೇ ತಾಯಿಯನ್ನು ಸಹ-ಸಾಲಗಾರರನ್ನಾಗಿ ಮಾಡಬಹುದು. ಸಾಲದ ಜತೆ ವಿಮೆ ಪಾಲಿಸಿ ತಳ್ಳಿದರೆ ಪ್ರೀಮಿಯಂ ಎಷ್ಟು, ಅದು ಸಾಲದ ಮೊತ್ತಕ್ಕೇ ಸೇರುತ್ತದೆಯೇ ಎಂದು ಕೇಳದೆ ಸಹಿ ಹಾಕಬೇಡಿ. ಪ್ರತಿ ವರ್ಷ ಅಂಕಪಟ್ಟಿ ಕೊಟ್ಟರೆ ಮಾತ್ರ ಮುಂದಿನ ಕಂತು ಬಿಡುಗಡೆ, ಫೇಲಾದವರಿಗೆ ಬ್ಯಾಂಕು ಕೈ ತಡೆಯಬಹುದು.

ತೆರಿಗೆ ಕಟ್ಟುವ ಮನೆಯವರಿಗೆ 80ಇ ಎಂದು ಹೆಸರಾದ ವಿನಾಯಿತಿಯೂ ಇದೆ. ಕಟ್ಟಿದ ಬಡ್ಡಿಯಷ್ಟನ್ನೂ, ಮಿತಿಯಿಲ್ಲದೆ, ಎಂಟು ವರ್ಷ ಆದಾಯದಿಂದ ಕಳೆಯಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗಷ್ಟೇ.

ಅರಿವು ಸಾಲ

ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ವರ್ಷಕ್ಕೆ ಗರಿಷ್ಠ ಒಂದು ಲಕ್ಷದಂತೆ ಶೇ. 2ರ ಬಡ್ಡಿಗೆ ಸಿಗುತ್ತದೆ. ಅಲ್ಪಸಂಖ್ಯಾತರ ನಿಗಮದಲ್ಲೂ ಇದೇ ಹೆಸರಿನ ಯೋಜನೆಯಿದೆ. ಸಿಇಟಿ ಸೀಟು ಪಡೆದು ಆದಾಯ ಮಿತಿಯೊಳಗೆ ಬರುವವರು ಕಣ್ಣು ಮುಚ್ಚಿ ಅರ್ಜಿ ಹಾಕಬೇಕು: ಮೇಲಿನ ಲೆಕ್ಕದಲ್ಲಿ 1.4 ಲಕ್ಷ ಇದ್ದ ಬಡ್ಡಿ ಇಲ್ಲಿ 28,000. ಆದರೆ ಅನುದಾನ ಇದ್ದಷ್ಟೇ ಆಯ್ಕೆ. ಸಿಕ್ಕರೆ ಸಿಕ್ಕಿತು ಎಂದುಕೊಂಡು, ಇನ್ನೊಂದು ದಾರಿಯನ್ನು ತೆರೆದಿಟ್ಟುಕೊಳ್ಳಿ.

ಚಿನ್ನದ ಸಾಲ

ಅರ್ಧ ಗಂಟೆಯಲ್ಲಿ ಹಣ, ಸಿಬಿಲ್ ತಕರಾರು ಕಡಿಮೆ, ಸಣ್ಣ ಮೊತ್ತಕ್ಕೆ ಯಾರ ಮುಂದೆಯೂ ಆದಾಯದ ಪುರಾವೆ ಹಿಡಿದು ನಿಲ್ಲಬೇಕಿಲ್ಲ. ಮೊದಲ ಪ್ರಶ್ನೆಗೆ ಪೂರ್ತಿ ಅಂಕ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ 2.5 ಲಕ್ಷದವರೆಗಿನ ಸಾಲ ಚಿನ್ನದ ಬೆಲೆಯ ಶೇ. 85ರವರೆಗೆ, 5 ಲಕ್ಷದವರೆಗೆ ಶೇ. 80, ಅದರಾಚೆ ಶೇ. 75 ಇರಬಹುದು. ಹರಳು, ಮಜೂರಿ ಲೆಕ್ಕಕ್ಕಿಲ್ಲ.

ತೊಂದರೆ ಅವಧಿಯದ್ದು. ಅಸಲು-ಬಡ್ಡಿ ಒಟ್ಟಿಗೆ ಕಟ್ಟುವ ಬಗೆಯ ಚಿನ್ನದ ಸಾಲ ಹನ್ನೆರಡು ತಿಂಗಳೊಳಗೆ ಮುಗಿಯಬೇಕು, ಓದು ನಾಲ್ಕು ವರ್ಷದ್ದು. ಪ್ರತಿ ವರ್ಷ ಬಡ್ಡಿ ಕಟ್ಟಿ ನವೀಕರಿಸಬೇಕು, ಅದೇ ತಿಂಗಳು ಮುಂದಿನ ವರ್ಷದ ಫೀಸೂ ಬಂದು ಕೂತಿರುತ್ತದೆ. ಕಟ್ಟದೆ ಹೋದರೆ ನೋಟಿಸು, ಆಮೇಲೆ ಹರಾಜು. ಆದ್ದರಿಂದ ಚಿನ್ನ ಮೂರು-ಆರು ತಿಂಗಳ ಸೇತುವೆಯಾಗಲಿ, ಮಂಜೂರಾತಿಯ ಪತ್ರ ಕೈಯಲ್ಲಿದ್ದು ಹಣ ಮಾತ್ರ ಬರಬೇಕಿರುವವರಿಗೆ. ಕೋರ್ಸಿನ ಪೂರ್ತಿ ಖರ್ಚಿಗೆ ಅದನ್ನೇ ನೆಚ್ಚಿಕೊಂಡರೆ ಎರಡನೇ ವರ್ಷಕ್ಕೇ ಉಸಿರು ಕಟ್ಟುತ್ತದೆ.

ಚೀಟಿ ಎತ್ತುವವರಿಗೂ ಒಂದು ಮಾತು. 2 ಲಕ್ಷದ, ಇಪ್ಪತ್ತು ತಿಂಗಳ ಚೀಟಿಯನ್ನು ಎರಡನೇ ತಿಂಗಳೇ 40,000 ಬಿಟ್ಟು ಕೂಗಿದರೆ ಕೈಗೆ ಬರುವುದು 1.6 ಲಕ್ಷ. ಬಿಟ್ಟ ಹಣವೇ ಬಡ್ಡಿ, ಅದನ್ನು ಯಾರೂ ಬಡ್ಡಿ ಎಂದು ಕರೆಯುವುದಿಲ್ಲ ಅಷ್ಟೆ. ಕೊನೆಯ ತಿಂಗಳುಗಳಲ್ಲಿ ಎತ್ತುವಂತೆ ಮೊದಲೇ ಯೋಚಿಸಿ ಸೇರಿದವರಿಗೆ ಮಾತ್ರ ಚೀಟಿ ಫೀಸಿಗೆ ಒದಗುತ್ತದೆ.

ಯಾರಿಗೆ ಯಾವುದು?

ಬಿಎ, ಬಿಕಾಂಗೆ ಸರ್ಕಾರಿ ಕಾಲೇಜು ಸೇರುವವರಿಗೆ ದೊಡ್ಡ ಖರ್ಚು ಫೀಸಲ್ಲ, ಊಟ-ವಸತಿ. ಸಾಲದ ಗೊಡವೆ ಬೇಡ. ಇಲಾಖೆಯ ಹಾಸ್ಟೆಲ್‌ಗೆ ಅರ್ಜಿ, ಸಿಗದಿದ್ದರೆ ವಿದ್ಯಾಸಿರಿ, ಜತೆಗೆ ಸಿಗುವ ಸ್ಕಾಲರ್‌ಶಿಪ್.

ಆದಾಯ 4.5 ಲಕ್ಷದೊಳಗಿದ್ದು ಸಿಇಟಿಯಿಂದ ವೃತ್ತಿಪರ ಸೀಟು ಪಡೆದವರು ಅರಿವು ಮತ್ತು ಬ್ಯಾಂಕ್ ಸಾಲ ಎರಡಕ್ಕೂ ಅರ್ಜಿ ಹಾಕಿ, ಮೊದಲ ಫೀಸಿಗೆ ಎಫ್‌ಡಿ ಅಥವಾ ಒಡವೆಯ ಮೇಲೆ ಸಣ್ಣ ಸಾಲ ತೆಗೆದು, ಬ್ಯಾಂಕ್ ಹಣ ಬಂದ ವಾರವೇ ಅದನ್ನು ಬಿಡಿಸಿಕೊಳ್ಳಲಿ. 4.5ರಿಂದ 8 ಲಕ್ಷದ ನಡುವಿನವರು ಕಾಲೇಜು ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿದೆಯೇ ನೋಡಲಿ. ಇಲ್ಲವಾದರೆ ಅರ್ಧ ಉಳಿತಾಯ, ಅರ್ಧ ಸಾಲ, ಓದುವಾಗಲೇ ಬಡ್ಡಿ ಕಟ್ಟುವ ದಾರಿ ಇವರಿಗೆ ಹೊಂದುತ್ತದೆ.

ಮ್ಯಾನೇಜ್‌ಮೆಂಟ್ ಸೀಟಿನವರಿಗೆ ಮೃದುವಾಗಿ ಹೇಳುವ ದಾರಿಯಿಲ್ಲ. ರಸೀದಿ ಇಲ್ಲದ ಡೊನೇಷನ್‌ಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಸಹಾಯಧನಗಳ ಬಾಗಿಲೂ ಬಹುಪಾಲು ಮುಚ್ಚಿರುತ್ತದೆ. ವರ್ಷಕ್ಕೆ 2.5 ಲಕ್ಷದಂತೆ 10 ಲಕ್ಷ ತೆಗೆದರೆ ಕಂತು ಶುರುವಾಗುವಾಗ ಅದು 13.5 ಲಕ್ಷ, ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 17,840 ರೂ. ಅದೇ ಕಾಲೇಜಿನ ಅದೇ ಬ್ರಾಂಚಿನಿಂದ ಎರಡು ವರ್ಷದ ಹಿಂದೆ ಹೊರಬಂದ ಐದಾರು ಮಂದಿಗೆ ಕೈಗೆ ಬರುವ ಸಂಬಳ ಎಷ್ಟೆಂದು ವಿಚಾರಿಸಿ. ಕಂತು ಅದರ ಮೂರನೇ ಒಂದು ಭಾಗ ಮೀರಿದರೆ ಬೇರೆ ಬ್ರಾಂಚು, ಬೇರೆ ಕಾಲೇಜು ನೋಡುವುದು ಸಾಲಕ್ಕಿಂತ ಅಗ್ಗ.

ತಿಂಗಳ ಖರ್ಚಿನ ದುಡ್ಡು

ಖಾತೆ ಎರಡಿರಲಿ, ಬೇರೆ ಬೇರೆ ಬ್ಯಾಂಕಿನಲ್ಲಿ. ಎನ್‌ಪಿಸಿಐ ಮ್ಯಾಪ್ ಆದ ಖಾತೆಯಲ್ಲಿ ಸ್ಕಾಲರ್‌ಶಿಪ್ ಮತ್ತು ಫೀಸಿನ ಹಣ. ಅದಕ್ಕೆ ಯುಪಿಐ ಬೇಡ. ಇನ್ನೊಂದು ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆ, ಮನೆಯಿಂದ ಬಂದ ತಿಂಗಳ ಹಣ ಅದಕ್ಕೆ, ಫೋನಿನ ಯುಪಿಐ ಅದಕ್ಕೆ ಮಾತ್ರ. ಹೀಗಿದ್ದರೆ ಇಪ್ಪತ್ತನೇ ತಾರೀಖು ಖಾತೆ ಬರಿದಾದರೂ ಸೆಮಿಸ್ಟರ್ ಫೀಸು ಕರಗಿರುವುದಿಲ್ಲ.

ಬರಿದಾದ ಆ ಇಪ್ಪತ್ತನೇ ತಾರೀಖಿಗೇ ಸಾಲದ ಆ್ಯಪುಗಳು ಕಾದಿರುತ್ತವೆ. 5,000 ರೂ. ಸಾಲ, ಪ್ರೊಸೆಸಿಂಗ್ ಶುಲ್ಕ 500, ಅದರ ಮೇಲೆ ಜಿಎಸ್‌ಟಿ 90, ‘ತಿಂಗಳಿಗೆ ಶೇ. 3 ಮಾತ್ರ’ ಬಡ್ಡಿ 150 ಎಂದುಕೊಳ್ಳಿ. ಕೈಗೆ ಬರುವುದು 4,410, ಮೂವತ್ತು ದಿನದಲ್ಲಿ ಕೊಡಬೇಕಾದ್ದು 5,150. ಅಂದರೆ 4,410 ರೂಪಾಯಿಗೆ ಒಂದು ತಿಂಗಳ ಬಾಡಿಗೆ 740. ವರ್ಷದ ಲೆಕ್ಕದಲ್ಲಿ ಶೇ. 200 ದಾಟಿತು. ಸಾಲಕ್ಕೆ ಮೊದಲು ಒಟ್ಟು ವಾರ್ಷಿಕ ದರ ನಮೂದಿಸಿದ ಮುಖ್ಯಾಂಶ ಪತ್ರ ಕೊಡುವುದು ರಿಸರ್ವ್ ಬ್ಯಾಂಕ್ ನಿಯಮ. ಆ ಪತ್ರ ಕೊಡದ, ಕಾಂಟ್ಯಾಕ್ಟ್ ಪಟ್ಟಿಗೂ ಫೋಟೊಗಳಿಗೂ ಅನುಮತಿ ಕೇಳುವ ಆ್ಯಪ್ ಫೋನಿನಲ್ಲಿದ್ದರೆ ಇವತ್ತೇ ತೆಗೆದುಹಾಕಿ.